ರೋಜಾಳ ಬಾಣಂತನ ಯಾರ ಮನೆಯಲ್ಲಿ

ತಿಂಡಿಯ ಪಾತ್ರೆಗಳನ್ನು ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡು ಕೋಮಲ ನಡುಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತರು. ಸೊಂಟದ ಸುತ್ತ ಅರ್ಧಚಂದ್ರದಂಥ ದಿಂಬು. ತಾಂಡವಪುರದ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಾಗ ತಂದಿಟ್ಟುಕೊಂಡಿದ್ದ ಕಟ್‌ಪೀಸುಗಳನ್ನು ಜೋಡಿಸಿ, ಬೂರುಗದ ಹತ್ತಿ ತುಂಬಿ ಅವರೇ ಹೊಲಿದದ್ದು. ಅದರ ಎಡಕ್ಕೆ ಸಿದ್ಧಾರ್ಥ, ಬಲಕ್ಕೆ ಮಾನ್ವಿ, ಹತ್ತು ತಿಂಗಳ ಅವಳಿಗಳು. ತಲೆ ಎದೆಯ ಮೇಲೆ, ಕಾಲು ತಾಯಿಯ ಕಂಕುಳಡಿಯಿಂದ ಹಿಂದಕ್ಕೆ. ಮೊದಮೊದಲು ಇಬ್ಬರೂ ಆ ದಿಂಬಿನೊಳಗೇ ಮುಚ್ಚಿಹೋಗುತ್ತಿದ್ದರು. ಈಗ ಹಾಲು ಕುಡಿಯುತ್ತಲೇ ಗೋಡೆಗೆ ಒದೆಯುತ್ತಾರೆ.

ಟಿ. ನರಸೀಪುರದ ಈ ಮನೆ ಕೋಮಲ ಅವರ ತವರು. ಅಪ್ಪ ಮಹದೇವಯ್ಯ ಪುರಸಭೆಯಲ್ಲಿ ನೀರು ಬಿಡುವ ಕೆಲಸದವರು. ಬೆಳಗಿನ ಸರದಿ ಮುಗಿಸಿ ಬಂದವರು ಚಪ್ಪಲಿ ಬಿಡುತ್ತಲೇ ಬಾಗಿಲಿಂದ ಹೇಳಿದರು.

"ನಿಮ್ಮತ್ತೆ ನಂಜನಗೂಡಲ್ಲಿ ಬಸ್ ಅತ್ತವ್ಳಂತೆ. ನಿನ್ ಗಂಡ ಫೋನ್ ಮಾಡಿದ್ದ."

"ಬರ್ಲಿ."

"ಮಡಿಲಕ್ಕಿ ತತ್ತಾವ್ಳಂತೆ."

"ತರ್ಲಿ," ಎಂದರು ಕೋಮಲ. ಮಾನ್ವಿಯ ಬಾಯಿ ಜಾರಿತ್ತು. ಅದನ್ನು ಸರಿಪಡಿಸಿದರು.

ಅತ್ತೆ ಮರಿತಾಯಮ್ಮ ಯಾಕೆ ಬರುತ್ತಿದ್ದಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರ ಒಬ್ಬಳೇ ಮಗಳು ರೋಜಾ ಮದುವೆಯಾಗಿ ಬಂದಿರುವುದು ಇದೇ ಊರಿಗೆ, ಎರಡು ಬೀದಿ ಆಚೆಗೆ. ಆರು ವರ್ಷ ಕಾದ ಮೇಲೆ ಈಗ ಏಳು ತಿಂಗಳ ಬಸುರಿ. ಮೊದಲ ಬಾಣಂತನ ಹೆತ್ತವಳದು. ಮಗಳ ಮಡಿಲು ತುಂಬಿ ತಮ್ಮೂರು ಹೆಡತಲೆಗೆ ಕರೆದುಕೊಂಡು ಹೋಗಲು ಮರಿತಾಯಮ್ಮ ಬರುತ್ತಿದ್ದರು. ಬರುವುದಿಲ್ಲ ಎಂದು ರೋಜಾ ಫೋನಿನಲ್ಲಿ ಆಗಲೇ ಹೇಳಿದ್ದರು. ಬಾಣಂತನ ಅತ್ತಿಗೆಯ ತವರಿನಲ್ಲಿ, ಅಂದರೆ ಕೋಮಲ ಅವರ ಅವ್ವ ನಿಂಗಾಜಮ್ಮನ ಕೈಯಲ್ಲಿ ಎಂದೂ ಹೇಳಿದ್ದರು. ಅಂಥದ್ದನ್ನು ಅವರ ನೆಂಟರಲ್ಲಿ ಯಾರೂ ಕೇಳಿರಲಿಲ್ಲ.

ರೋಜಾ ತಲೆಗೆ ಇದನ್ನು ತುಂಬಿದವರು ಯಾರೆಂದು ಕೇಳಿದರೆ ಕೋಮಲ ಸುತ್ತಿ ಬಳಸಿ ಮಾತಾಡುವುದಿಲ್ಲ. "ನಾನೇ. ಅವ್ರು ನನ್ ಮಗ್ಳ ತಗೊಂಡು ಹೋಗಕ್ಕೆ ನೋಡುದ್ರು. ನಾನು ಅವ್ರ ಮಗ್ಳ ತಗೊಂಡೆ. ಸರಿಹೋಯ್ತು."

ಹೆಡತಲೆಯಲ್ಲಿ ಮರಿತಾಯಮ್ಮನ ಕೈ ಎಂದರೆ ಬಾಣಂತನದ ಕೈ. ತಮ್ಮ ಬೀದಿಯಲ್ಲಿ ಮಾತ್ರವಲ್ಲ, ಕಳಲೆಯ ಕಡೆಯ ನೆಂಟರ ಮನೆಗಳಿಂದಲೂ ಅವರಿಗೆ ಕರೆ ಬರುತ್ತಿತ್ತು. ಕೂಸನ್ನು ಕಾಲ ಮೇಲೆ ಮಲಗಿಸಿ ನೀರು ಹಾಕುವುದು, ಬಾಣಂತಿಗೆ ಹೊಟ್ಟೆ ಕಟ್ಟುವುದು, ಸಾಂಬ್ರಾಣಿ ಹೊಗೆ ಕೊಡುವುದು, ಖಾರ ಮಾಡಿ ತಿನ್ನಿಸುವುದು ಎಲ್ಲವನ್ನೂ ಅವರೇ ನಿಂತು ಮಾಡುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ, ಹೆಸರಿಡುವ ದಿನ ಒಂದು ಸೀರೆ ಕೊಟ್ಟರೆ ಸಾಕು. ಸೊಸೆಯ ಹೊಟ್ಟೆಯಲ್ಲಿ ಅವಳಿ ಎಂದು ಗೊತ್ತಾದಾಗ ಬೀದಿಯ ಹೆಂಗಸರು ಕೋಮಲಗೆ, "ನಿಂಗೇನವ್ವ ಭಯ, ಅತ್ತೆ ಅವ್ಳೆ" ಎಂದಿದ್ದರು. ಕೋಮಲ ಕೂಡ ಹಾಗೇ ಅಂದುಕೊಂಡಿದ್ದರು. ಹೆರಿಗೆಗೆ ಸ್ವಲ್ಪ ಮೊದಲು ನಿಂಗಾಜಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲಿನ ಮೂಳೆ ಮುರಿದು ಪಟ್ಟು ಹಾಕಿಸಿಕೊಂಡಿದ್ದರಿಂದ ತವರಿಗೆ ಹೋಗುವ ಮಾತೂ ಬರಲಿಲ್ಲ. ಮೈಸೂರಿನಲ್ಲಿ ಆಪರೇಷನ್ ಆಗಿ, ಒಂದು ಗಂಡು ಒಂದು ಹೆಣ್ಣು ಎತ್ತಿಕೊಂಡು ಕೋಮಲ ನೇರ ಹೆಡತಲೆಗೆ ಬಂದರು.

ಮರಿತಾಯಮ್ಮನ ಪಥ್ಯದಲ್ಲಿ ಎಲ್ಲಕ್ಕಿಂತ ಬಿಗಿಯಾದದ್ದು ನೀರು. ಬೆಳಿಗ್ಗೆ ಒಂದು ಪುಟ್ಟ ಲೋಟ, ಸಂಜೆ ಒಂದು, ಅದೂ ಕಾಯಿಸಿ ಆರಿಸಿದ್ದು. ಊಟಕ್ಕೆ ಒಣ ಅನ್ನ, ಮೆಣಸು ಬೆಳ್ಳುಳ್ಳಿಯ ಖಾರ, ಒಂದು ಚಮಚ ತುಪ್ಪ. ಸಾರು ಇಲ್ಲ, ಮಜ್ಜಿಗೆ ಇಲ್ಲ. ಹಸಿಮೈಯವಳು ನೀರು ಕುಡಿದರೆ ಹೊಟ್ಟೆ ಬರುತ್ತದೆ, ನಂಜಾಗುತ್ತದೆ ಎಂಬುದು ಅವರ ನಂಬಿಕೆ. ಆ ಸೀಮೆಯ ಎಷ್ಟೋ ಮನೆಗಳಲ್ಲಿ ಇವತ್ತೂ ಅದೇ ನಂಬಿಕೆ. ಒಂದು ಕೂಸಿನ ತಾಯಂದಿರು ಅದರಲ್ಲೇ ಹೇಗೋ ಪಾರಾಗಿದ್ದರು. ಕೋಮಲ ಎರಡು ಕೂಸಿಗೆ ಹಾಲೂಡಬೇಕಿತ್ತು.

ಮಕ್ಕಳು ಎದೆಗೆ ಬಾಯಿ ಹಚ್ಚಿದ ಕೂಡಲೇ ಗಂಟಲು ಒಣಗಿ ಬಿರಿಯುತ್ತಿತ್ತು ಎಂದು ಅವರು ನೆನೆಯುತ್ತಾರೆ. ಹಾಲೂಡುವ ಯಾವ ತಾಯಿಗೂ ಆಗುವ ಬಾಯಾರಿಕೆ ಅದು ಎಂದು ಆಗ ಅವರಿಗೆ ಗೊತ್ತಿರಲಿಲ್ಲ. ಗಂಡನಿಗೆ ಹೇಳಿದರು. ನಟರಾಜ್ ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದವರು, ಮಾತು ಕಡಿಮೆ. "ಅವ್ವಂಗ್ ಗೊತ್ತಿಲ್ದೆ ಇರ್ತದಾ" ಎಂದರು. ಸ್ನಾನದ ಹೊತ್ತಿನಲ್ಲಿ ಹಂಡೆಯ ನೀರನ್ನೇ ಬೊಗಸೆಯಲ್ಲಿ ಕುಡಿಯಲು ನೋಡಿದ ದಿನ ಮರಿತಾಯಮ್ಮ ಕೈ ತಟ್ಟಿದರು. ಆಮೇಲೆ ಬಚ್ಚಲಿನಿಂದ ಅವರು ಒಂದು ಕ್ಷಣವೂ ಆಚೆ ಹೋಗಲಿಲ್ಲ.

ಹಾಲು ಇಳಿಯುವುದು ಕಡಿಮೆಯಾಯಿತು. ಎರಡೂ ಮಕ್ಕಳು ಅತ್ತವು. ಮೊಲೆತೊಟ್ಟು ಒಡೆದು ರಕ್ತ ಬಂತು. ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ಸುಟ್ಟರು. ಆಮೇಲೆ ಮರಿತಾಯಮ್ಮ ತೀರ್ಮಾನ ಮಾಡಿದರು. ಗಂಡಿಗೆ ತಾಯಿಯ ಎದೆ. ಹೆಣ್ಣಿಗೆ ಹಸುವಿನ ಹಾಲು, ಅರ್ಧ ನೀರು ಬೆರೆಸಿ, ಬಾಯಿಗೆ ಹುಯ್ಯುವ ಒಳಲೆಯಲ್ಲಿ. ಬಾಣಂತಿಗಿಲ್ಲದ ನೀರು ಹಸುವಿನ ಹಾಲಿಗೆ ಇತ್ತು ಎಂಬುದನ್ನು ಕೋಮಲ ಆಗಲೇ ಗಮನಿಸಿದ್ದರು. ಹೆಣ್ಣು ಕೂಸನ್ನು ಅವರ ಮಗ್ಗುಲಿಂದ ಎತ್ತಿ ಪಡಸಾಲೆಯ ತೊಟ್ಟಿಲಿಗೆ ಹಾಕಲಾಯಿತು. ಅದು ಅತ್ತಾಗೆಲ್ಲ ಇವರ ಎದೆಯಿಂದ ಹಾಲು ತಾನೇ ಜಿನುಗಿ ರವಿಕೆ ನೆನೆಯುತ್ತಿತ್ತು. "ಬಟ್ಟೆ ನೆನೆಯೋ ಅಷ್ಟು ಹಾಲಿತ್ತು. ಅವ್ಳಿಗಿರಲಿಲ್ಲ."

ಒಂದು ಮಧ್ಯಾಹ್ನ ಕೋಣೆಯ ಕಿಟಕಿಯಾಚೆ ಜಗಲಿಯ ಮೇಲೆ ಮರಿತಾಯಮ್ಮ ನೆರೆಯವರ ಜೊತೆ ಕೂತಿದ್ದರು. ಒಳಗೆ ಸಿದ್ಧಾರ್ಥನಿಗೆ ಹಾಲೂಡುತ್ತಿದ್ದ ಕೋಮಲಗೆ ಪ್ರತಿ ಮಾತೂ ಕೇಳಿಸಿತು.

"ಗಂಡ ಮಡಿಕತೀವಿ. ಎಣ್ಣ ರೋಜಂಗೆ ಕೊಟ್ಬುಡವ ಅಂತ ಕನವ್ವ. ಅವ್ಳ ಒಟ್ಟೇಲೂ ಇಲ್ಲ, ಇವ್ಳ ಎದೇಲೂ ಇಲ್ಲ."

"ಕೋಮ್ಲುನ್ ಕೇಳ್ದಾ?"

"ಬರಡೆಮ್ಮೆ ಕೇಳಿ ಕರ ಮಾರ್ತಾರಾ?"

ನೆರೆಯವಳು ನಕ್ಕಳು. ಮರಿತಾಯಮ್ಮನೂ ನಕ್ಕರು.

ಆ ಭಾನುವಾರ ರೋಜಾ ಬಂದರು. ಮಗುವಿಗೆಂದು ಹೊಸ ಹಾಸಿಗೆ, ಸೊಳ್ಳೆ ಪರದೆ ತಂದಿದ್ದರು. ಅತ್ತಿಗೆ ಒಪ್ಪಿದ್ದಾರೆ ಎಂದೇ ಅವರಿಗೆ ಹೇಳಲಾಗಿತ್ತು. ಕೋಮಲ ತೊಟ್ಟಿಲಿನ ಕಟ್ಟು ಹಿಡಿದು ನಿಂತರು, ಕೈ ಬಿಡಲಿಲ್ಲ. ರೋಜಾ ಹಾಸಿಗೆ ಸುತ್ತಿಕೊಂಡು ಸಂಜೆಯ ಬಸ್ಸಿಗೆ ವಾಪಸಾದರು. ಅದೇ ವಾರ ಮಾನ್ವಿಗೆ ಭೇದಿ ಹತ್ತಿ, ಕಣ್ಣು ಗುಳಿಬಿದ್ದು, ನಂಜನಗೂಡಿನ ಆಸ್ಪತ್ರೆಗೆ ಸೇರಿಸಬೇಕಾಯಿತು.

ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೂಸನ್ನು ನೋಡಿ, ಆಮೇಲೆ ತಾಯಿಯ ತುಟಿ ನೋಡಿ, ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದರು. ಕೋಮಲ ಎರಡು ಬೆರಳಲ್ಲಿ ಲೋಟದ ಎತ್ತರ ತೋರಿಸಿದರು. ಡಾಕ್ಟರು ನರ್ಸಿನ ಕೈಯಿಂದ ನೀರಿನ ಬಾಟಲಿ ತರಿಸಿ, ತಮ್ಮೆದುರೇ ಕುಡಿಸಿದರು. ಬಾಯಾರಿದಾಗೆಲ್ಲ ಕುಡಿಯಿರಿ, ಹೊಟ್ಟೆ ತುಂಬ ಊಟ ಮಾಡಿ, ಇಬ್ಬರನ್ನೂ ಎದೆಗೆ ಹಾಕಿಕೊಳ್ಳಿ, ಎಳೆದಷ್ಟೂ ಹಾಲು ಬರುತ್ತದೆ ಎಂದರು. ಪಕ್ಕದಲ್ಲಿದ್ದ ಮರಿತಾಯಮ್ಮ, "ನಾ ಕಂಡಿರೋ ಬಾಣಂತೀರ್ನ ಈ ಮಗು ಕಂಡದಾ" ಎಂದು ಗೊಣಗಿದರು.

ಮಗುವನ್ನು ಬಿಡುಗಡೆ ಮಾಡಿದ ದಿನ ಕೋಮಲ ಅಪ್ಪನಿಗೆ ಫೋನ್ ಮಾಡಿದ್ದರು. ಮಹದೇವಯ್ಯ ಆಟೊ ತಂದು ಆಸ್ಪತ್ರೆಯ ಗೇಟಿನಲ್ಲಿ ನಿಲ್ಲಿಸಿ, ಬೀಗತಿಗೆ ಕೇಳುವಂತೆ ಒಂದೇ ಮಾತು ಆಡಿದರು. "ಊರಿಗೆಲ್ಲ ನೀರು ಬುಡೋನು ನಾನು. ನನ್ ಮಗ್ಳಿಗೆ ಒಂದು ಚೊಂಬು ನೀರಿಗೆ ಗತಿ ಇಲ್ದಂಗ್ ಮಾಡುದ್ರಲ್ಲ." ಎರಡೂ ಮಕ್ಕಳೊಂದಿಗೆ ಕೋಮಲ ಆಟೊ ಹತ್ತಿದರು. ನಟರಾಜ್ ಬಟ್ಟೆಯ ಚೀಲ ಒಳಗಿಟ್ಟು ಹಿಂದೆ ಸರಿದು ನಿಂತರು.

ಹಾಲು ತವರಿಗೆ ಬಂದ ಕೂಡಲೇ ಬರಲಿಲ್ಲ. ಹೆಡತಲೆಯಲ್ಲಿ ಆದದ್ದಕ್ಕಿಂತ ಕಷ್ಟದ ದಿನಗಳು ಇಲ್ಲೇ ಇದ್ದವು ಎನ್ನುತ್ತಾರೆ ಕೋಮಲ. ಒಳಲೆಗೆ ಒಗ್ಗಿದ್ದ ಮಾನ್ವಿ ಎದೆ ಕಂಡರೆ ಮುಖ ತಿರುಗಿಸುತ್ತಿತ್ತು. ನಿಂಗಾಜಮ್ಮ ಕಾಲು ಚಾಚಿ ಕೂತೇ ನುಗ್ಗೆಸೊಪ್ಪು ಬಿಡಿಸುತ್ತಿದ್ದರು, ಸಬ್ಬಸಿಗೆ ಸೊಪ್ಪಿನ ಸಾರು ಮಾಡಿಸುತ್ತಿದ್ದರು, ರಾಗಿ ಅಂಬಲಿ ತುಂಬಿದ ಚೊಂಬನ್ನು ಮಗಳ ಕೈಗೆ ಸಿಗುವ ಹಾಗೆ ಇಡುತ್ತಿದ್ದರು. ಕೋಮಲ ತಮ್ಮ ಹಾಲು ಹಿಂಡಿ ಒಳಲೆಗೆ ತೆಗೆದುಕೊಂಡು, ಎದೆಯ ಮೇಲಿನಿಂದ ತೊಟ್ಟುತೊಟ್ಟಾಗಿ ಇಳಿಬಿಟ್ಟು, ಅದು ಹರಿದು ಬರುವ ಜಾಗಕ್ಕೆ ಕೂಸಿನ ಬಾಯಿ ತಂದರು. ಹಾಗೆ ಮಾನ್ವಿ ಮತ್ತೆ ಎದೆಗೆ ಬಂತು.

ಇಬ್ಬರನ್ನು ಒಬ್ಬರಾದ ಮೇಲೊಬ್ಬರಂತೆ ಕುಡಿಸಿದರೆ ಇಡೀ ದಿನ ಅದರಲ್ಲೇ ಮುಗಿಯುತ್ತಿತ್ತು. ಕೂಸುಗಳನ್ನು ನೋಡಲು ಮನೆಗೆ ಬಂದ ನರ್ಸು ಒಟ್ಟಿಗೇ ಹಿಡಿಯುವುದನ್ನು ತೋರಿಸಿದರು. ದಿಂಬು ಹೊಲಿದದ್ದು ಆಗ. ಸಿದ್ಧಾರ್ಥ ಜೋರಾಗಿ ಎಳೆಯುತ್ತಿದ್ದ. ಅವನು ಒಂದು ಕಡೆ ಎಳೆದರೆ ಇನ್ನೊಂದು ಕಡೆಯೂ ಹಾಲು ತಾನಾಗಿ ಇಳಿಯುತ್ತದೆ ಎಂಬುದನ್ನು ಕೋಮಲ ಕಂಡುಕೊಂಡರು. ಮೊದಲು ಅವನನ್ನು ಹಚ್ಚಿ, ಹಾಲಿಳಿದ ಜುಮ್ಮು ಗೊತ್ತಾದ ಮೇಲೆ ಮಾನ್ವಿಯನ್ನು ಹಚ್ಚುತ್ತಿದ್ದರು. ಅವಳ ಪಾಲನ್ನು ತಿಂದವನೇ ಅವಳಿಗೆ ಹಾಲಿಳಿಸಿ ಕೊಡಬೇಕು ಎಂದು ನಗುತ್ತಾರೆ. ಮುಂದಿನ ಸಲ ಎಡಬಲ ಬದಲು. ಒಮ್ಮೆ ಎದೆ ಕಲ್ಲಾಗಿ ಜ್ವರ ಬಂತು. ಬಿಸಿಬಟ್ಟೆ ಒತ್ತಿ, ಡಾಕ್ಟರು ಕೊಟ್ಟ ಮಾತ್ರೆ ನುಂಗಿ, ಹಲ್ಲು ಕಚ್ಚಿ ಅದೇ ಎದೆಗೆ ಮಗನನ್ನು ಹಾಕಿಕೊಂಡರು.

"ಕೋಪ ಮಾಡ್ಕೊಂಡ್ರೆ ಹಾಲು ಬತ್ತುತ್ತೆ ಅಂತಾರೆ. ನಂಗೆ ಬತ್ತಲಿಲ್ಲ. ಪ್ರತಿ ಸಲ ಕೂತಾಗ್ಲೂ ಆ ಜಗಲಿ ಮಾತು ನೆನ್ಸ್ಕೊತಿದ್ದೆ. ನೆನ್ಸ್ಕೊಂಡೇ ಕುಡುಸ್ತಿದ್ದೆ."

ಮೂರು ತಿಂಗಳು ತುಂಬುವ ಹೊತ್ತಿಗೆ ಇಬ್ಬರೂ ಎದೆಹಾಲಲ್ಲೇ ಬೆಳೆಯುತ್ತಿದ್ದರು. ಇಬ್ಬರೂ ಕುಡಿಯುತ್ತಿರುವ ಒಂದು ಫೋಟೊವನ್ನು ಕೋಮಲ ಗಂಡನ ಫೋನಿಗೆ ಕಳಿಸಿದರು. "ನಿಮ್ಮವ್ವಂಗೆ ತೋರ್ಸಿ. ಜಗಲಿಗೆ ಬಂದೋರ್ಗೆಲ್ಲ ತೋರ್ಸಿ" ಎಂದು ಬರೆದರು. ನಟರಾಜ್ ಅವ್ವನಿಗೆ ಮಾತ್ರ ತೋರಿಸಿದರು. ಅಷ್ಟು ಸಾಲದು ಎಂದು ಕೋಮಲಗೆ ಅನ್ನಿಸಿತು.

ಆ ದಿನಗಳಲ್ಲೇ ರೋಜಾ ಬಾಗಿಲಿಗೆ ಬಂದರು. ಒಳಗೆ ಬರದೆ, ಮಗುವನ್ನು ಒಂದು ಸಲ ನೋಡಿ ಹೋಗುತ್ತೇನೆ ಎಂದು ಹೊಸ್ತಿಲಾಚೆ ನಿಂತರು. ನಿಂಗಾಜಮ್ಮ ಕಳಿಸಿಬಿಡು ಎಂದರು. ಕೋಮಲ ಒಳಗೆ ಕರೆದರು. ಅವಳಿಗಳಿಗೆ ಹಾಲೂಡುವವಳಿಗೆ ಇನ್ನೊಂದು ಜೊತೆ ಕೈ ಬೇಕೇ ಬೇಕು. ಒಂದು ಮಗುವನ್ನು ಸರಿಯಾಗಿ ಕೂರಿಸಿಕೊಳ್ಳುವಷ್ಟರಲ್ಲಿ ಇನ್ನೊಂದನ್ನು ಎತ್ತಿ ಕೊಡುವವರಿರಬೇಕು, ತೇಗಿಸುವವರಿರಬೇಕು. ರೋಜಾ ದಿನವೂ ಬರತೊಡಗಿದರು. ಅವರ ಅತ್ತೆ ತೀರಿಕೊಂಡು ವರ್ಷಗಳಾಗಿವೆ. ಗಂಡ ಮಹೇಂದ್ರ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಸಂಜೆಯವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ.

ರೋಜಾ ಬಸುರಾಗಿ ಮೂರು ತಿಂಗಳು ತುಂಬಿ, ಡಾಕ್ಟರು ಎಲ್ಲ ಸರಿಯಿದೆ ಎಂದ ಮೇಲೆ, ಒಂದು ಮಧ್ಯಾಹ್ನ ಮಾನ್ವಿಯನ್ನು ತೇಗಿಸುತ್ತ ಕೂತಿದ್ದಾಗ, ಕೋಮಲ ಜಗಲಿಯ ಆ ಮಾತನ್ನು ಹೇಳಿದರು. ಕೋಮಲ ಅವರ ಎದೆಯ ಬಗ್ಗೆ ಆಡಿದ್ದನ್ನು ರೋಜಾ ಮೊದಲೇ ಕೇಳಿದ್ದರು. ರೋಜಾ ಹೊಟ್ಟೆಯ ಬಗ್ಗೆ ಆಡಿದ ಇನ್ನರ್ಧವನ್ನು ಕೋಮಲ ಇಷ್ಟು ದಿನ ಹೇಳದೆ ಇಟ್ಟುಕೊಂಡಿದ್ದರು.

"ಹೊಟ್ಟೇಲೂ ಇಲ್ಲ ಅಂದ್ಲಾ ನಮ್ಮವ್ವ? ಯಾರ್ ಮುಂದೆ?"

"ಬೀದಿ ಮುಂದೆ. ನಗ್ತಾ."

ಬೇಕೆಂದೇ ಕಾದಿದ್ದಿರಾ ಎಂಬ ಪ್ರಶ್ನೆಗೆ ಕೋಮಲ ಹೌದೆಂದು ತಲೆಯಾಡಿಸುತ್ತಾರೆ. "ಮೊದ್ಲೇ ಹೇಳಿದ್ರೆ ಅತ್ತು ಸುಮ್ನಾಗೋಳು. ಅವ್ಳಿಗೂ ಒಂದು ಹೊಟ್ಟೇಲಿರಬೇಕಿತ್ತು." ರೋಜಾ ಮೇಲೆ ಪ್ರೀತಿಯಿಲ್ಲವೇ ಎಂದರೆ, "ಅದೂ ಅದೆ" ಎನ್ನುತ್ತಾರೆ.

ಅತ್ತೆ ಬಸ್ ಹತ್ತಿದ ಸುದ್ದಿ ಬಂದ ಆ ದಿನ, ಬಿಸಿಲು ನೆತ್ತಿಗೆ ಬಂದಾಗ ಮರಿತಾಯಮ್ಮ ಬಂದರು. ಕೈಯಲ್ಲಿ ಬುಟ್ಟಿ. ಅದರಲ್ಲಿ ಅಕ್ಕಿ, ಕೊಬ್ಬರಿ, ಹಸಿರು ಸೀರೆ, ಬಳೆ. ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಿದ್ದರು. ರೋಜಾ ಒಳಗೆ ತೊಟ್ಟಿಲ ಪಕ್ಕ ಕೂತಿದ್ದರು, ಏಳಲಿಲ್ಲ. ಕೋಮಲ ಚಾಪೆ ಹಾಸಿ, ಅಡುಗೆಮನೆಯಿಂದ ನೀರು ತಂದುಕೊಟ್ಟರು. ಪುಟ್ಟ ಲೋಟ. ಮರಿತಾಯಮ್ಮ ಒಂದೇ ಗುಟುಕಿಗೆ ಮುಗಿಸಿ ಲೋಟ ಮುಂದೆ ಚಾಚಿದರು.

"ಇನ್ನೊಸಿ ಕೊಡವ್ವ."

"ಜಾಸ್ತಿ ಕುಡುದ್ರೆ ಹೊಟ್ಟೆ ಬರ್ತದೆ ಅತ್ತೆ."

ಮರಿತಾಯಮ್ಮ ಲೋಟವನ್ನು ನೋಡಿ ಕೆಳಗಿಟ್ಟರು. "ಲೇ, ಬಂದೋರಿಗೆ ಇಂಗಾ ಮಾಡದು" ಎಂದು ನಿಂಗಾಜಮ್ಮ ಕುಂಟುತ್ತ ಎದ್ದು ಹೋಗಿ ಚೊಂಬು ತುಂಬಿ ತಂದಿಟ್ಟರು. ಮರಿತಾಯಮ್ಮ ಅದನ್ನು ಮುಟ್ಟಲಿಲ್ಲ.

ಕೋಮಲ ಗೋಡೆಗೆ ಕೂತು, ದಿಂಬು ಸುತ್ತಿಕೊಂಡು, ಅತ್ತೆಯ ಎದುರಿಗೇ ಇಬ್ಬರನ್ನೂ ಎದೆಗೆ ಹಾಕಿಕೊಂಡರು. ಬೇರೆಯವರೆದುರು ಹಾಲೂಡಿದರೆ ದೃಷ್ಟಿ ಎಂದು ಬಾಣಂತಿಯರಿಗೆ ಹೇಳಿಕೊಡುತ್ತಿದ್ದವರು ಮರಿತಾಯಮ್ಮನೇ. ಸೆರಗು ಮುಚ್ಚಿಕೊಳ್ಳಲು ಅವರ ಕೈ ಸನ್ನೆ ಮಾಡಿ ಅರ್ಧಕ್ಕೆ ನಿಂತಿತು.

"ರೋಜಾ, ಎದ್ದೇಳವ್ವ. ವತ್ತಾಯ್ತದೆ," ಎಂದರು ಮಗಳಿಗೆ.

"ನಾ ಬರಲ್ಲ ಅಂತ ಹೇಳಿದ್ನಲ್ಲವ್ವ."

"ಇವ್ಳ ಮಾತ್ ಕೇಳ್ಕಂಡಿದ್ದೀಯ."

"ನಿನ್ ಮಾತೇ ಕೇಳಿರೋದು. ಹೊಟ್ಟೇಲೂ ಇಲ್ಲ ಅಂದಿದ್ದು ಯಾರು?"

ಮರಿತಾಯಮ್ಮ ಸೊಸೆಯ ಕಡೆ ತಿರುಗಿದರು. ಮತ್ತೆ ಮಗಳ ಕಡೆ ತಿರುಗಿ, "ಅಂದೆ. ಬಾಯಿಗ್ ಬಂತು, ಅಂದೆ" ಎಂದರು.

ಆಮೇಲೆ ಅವರು ಯಾರಿಗೆ ಎಂದಿಲ್ಲದೆ ಹೇಳಿಕೊಂಡರು. ಅವರ ಅಕ್ಕ ಹೆತ್ತ ವಾರದೊಳಗೆ ಜ್ವರದಲ್ಲಿ ನೀರು ನೀರು ಎಂದಳು. ಹನ್ನೆರಡು ವರ್ಷದ ಹುಡುಗಿಯಾಗಿದ್ದ ಮರಿತಾಯಮ್ಮ ಯಾರೂ ಕಾಣದ ಹಾಗೆ ಕುಡಿಸಿದಳು. ಬೆಳಗಾಗುವುದರೊಳಗೆ ಅಕ್ಕ ಸತ್ತಳು. ನೀರು ಕುಡಿದು ನಂಜಾಯಿತು ಎಂದರು ದೊಡ್ಡವರು. "ಅವತ್ತಿಂದ ನಾ ಯಾವ ಬಾಣಂತಿಗೂ ನೀರ್ ಕೊಡಕ್ಕೆ ಎದ್ರುತೀನಿ. ನೀರಿಂದ ಏನೂ ಆಗಲ್ಲ ಅಂತ ಆ ಡಾಕ್ಟರಮ್ಮ ಅಂದ್ಲು. ಆಗ್ಲಿ. ರೋಜಂಗೆ ಕೊಡಗಟ್ಲೆ ಕೊಡ್ತೀನಿ. ಅವ್ಳ್ ಕೇಳಿದ್ದ ಮಾಡಾಕ್ತೀನಿ. ಒಬ್ಳೇ ಮಗ್ಳು ಕನವ್ವ ನಂಗೆ. ಬುಟ್ಕೊಡು."

ಕೊನೆಯ ಮಾತು ಕೋಮಲಗೆ. ಸೊಸೆಯನ್ನು ಅವರು ಬೇಡಿಕೊಂಡದ್ದು ಅದೇ ಮೊದಲು.

ರೋಜಾ ಅಳುತ್ತಿದ್ದರು. ತೊಟ್ಟಿಲ ಪಕ್ಕದಿಂದ ಎದ್ದು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅತ್ತಿಗೆಯ ಮುಖ ನೋಡಿದರು. "ಅತ್ಗೆ, ಏನ್ ಮಾಡ್ಲಿ?"

ನಿನ್ನಿಷ್ಟ ಎಂದಿದ್ದರೆ ರೋಜಾ ಅವತ್ತೇ ಹೋಗುತ್ತಿದ್ದರು. ಅದು ಕೋಮಲಗೆ ಗೊತ್ತಿತ್ತು. ಅವ್ವ ನಿಂಗಾಜಮ್ಮನೂ ಕಣ್ಣಲ್ಲೇ ಕಳಿಸು ಎನ್ನುತ್ತಿದ್ದರು. ಕೋಮಲ ಹಾಲು ಬಿಟ್ಟ ಸಿದ್ಧಾರ್ಥನನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದರು. ಅವನು ತೇಗಿದ.

"ಬಾಣಂತನ ಇಲ್ಲೇ," ಎಂದರು ಆಮೇಲೆ. "ನನ್ ಮಗ್ಳ ಕೊಡಕ್ಕೆ ನೋಡ್ದಾಗ ನೀವು ನನ್ನ ಕೇಳಿರ್ಲಿಲ್ಲ ಅತ್ತೆ. ನಿಮ್ ಮಗ್ಳ ಈಗ ಕೇಳ್ತಿದ್ದೀರ. ಅಷ್ಟೇ ವ್ಯತ್ಯಾಸ."

ರೋಜಾ ಮತ್ತೆ ಕೂತರು. ಮಡಿಲಕ್ಕಿಯ ಬುಟ್ಟಿಯನ್ನು ಮರಿತಾಯಮ್ಮ ಬಿಟ್ಟು ಹೋಗಲಿಲ್ಲ. ಸೆರಗಿನಿಂದ ಮುಚ್ಚಿ, ಬಂದ ದಾರಿಯಲ್ಲೇ ನಡೆದು ಹೋದರು. ಬಸ್‌ಸ್ಟ್ಯಾಂಡಿನವರೆಗೆ ಮಹದೇವಯ್ಯ ಜೊತೆಗೆ ಹೋದರು.

ಹೆಡತಲೆಗೆ ಸುದ್ದಿ ತಲುಪಲು ಎರಡು ದಿನ ಹಿಡಿಯಿತು. ಹೆತ್ತ ಮಗಳೇ ಅವ್ವನ ಕೈಯ ಬಾಣಂತನ ಒಲ್ಲೆ ಎಂದಳು ಎಂಬ ಮಾತು ಯಾವ ಪಥ್ಯದ ತಪ್ಪಿಗಿಂತ ದೊಡ್ಡದು. ಮುಂದಿನ ತಿಂಗಳಿಗೆ ಮರಿತಾಯಮ್ಮನನ್ನು ಗೊತ್ತು ಮಾಡಿಕೊಂಡಿದ್ದ ಕಳಲೆಯ ಮನೆಯವರು ಬೇರೆಯವರನ್ನು ನೋಡಿಕೊಂಡಿದ್ದೇವೆ ಎಂದು ಹೇಳಿ ಕಳಿಸಿದರು. ಈಗ ಅವರು ಜಗಲಿಯಲ್ಲಿ ಕೂರುವುದು ಕಡಿಮೆ ಎಂದು ನಟರಾಜ್ ಹೇಳುತ್ತಾರೆ. ವಾರದ ರಜೆಗೆ ಬಂದವರು ಒಮ್ಮೆ ಹೆಂಡತಿಗೆ, "ಸಾಕಾಗ್ಲಿಲ್ವಾ ನಿಂಗೆ?" ಎಂದು ಕೇಳಿದ್ದರು. ಅವರು ನಂಜನಗೂಡಿನಲ್ಲಿ ಬಾಡಿಗೆ ಮನೆ ನೋಡುತ್ತಿದ್ದಾರೆ. ಅಲ್ಲಿಗೆ ಬರಲು ಕೋಮಲ ಒಪ್ಪಿದ್ದಾರೆ. ಹೆಡತಲೆಗೆ ಒಪ್ಪಿಲ್ಲ.

ಗೆದ್ದೆ ಅನ್ನಿಸುತ್ತದೆಯೇ ಎಂದು ಕೇಳಿದಾಗ ಕೋಮಲ, "ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮಕ್ಳೂ ಮಲ್ಗಿದ್ರು," ಎಂದರು. ಅಕ್ಕನ ಕಥೆ ಕೇಳಿ ಮನಸ್ಸು ಕರಗಲಿಲ್ಲವೇ ಎಂಬುದಕ್ಕೆ ಅವರ ಬಳಿ ಉತ್ತರ ಸಿದ್ಧವಿತ್ತು. "ಕರಗ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?"

ರೋಜಾ ಹೆರಿಗೆಗೆ ಇನ್ನು ಐದು ವಾರ ಇದೆ. ನಿಂಗಾಜಮ್ಮ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದಾರೆ. ಮರಿತಾಯಮ್ಮ ಹೆಸರಿಡುವ ದಿನ ಉಳಿದ ನೆಂಟರ ಜೊತೆ ಬಂದು ಮಗುವನ್ನು ನೋಡಬಹುದು ಎಂದು ಕೋಮಲ ಗಂಡನ ಮೂಲಕ ತಿಳಿಸಿದ್ದಾರೆ.